ಆಸ್ಪತ್ರೆ ಬೆಂಚಿನ ಮೇಲೆ ಅರ್ಧ ಮೊಟ್ಟೆ

ರಾದ್ಧಾಂತಕ್ಕೆಲ್ಲ ಕಾರಣ ಅರ್ಧ ಮೊಟ್ಟೆ. ಅದೂ ಚೆನ್ನಾಗಿ ಬೆಂದು, ಸಿಪ್ಪೆ ಕಳಚಿಕೊಂಡು, ಸ್ಟೀಲ್ ಡಬ್ಬಿಯೊಳಗೆ ತೆಪ್ಪಗೆ ಕೂತಿದ್ದ ಮೊಟ್ಟೆ.

ಅದನ್ನು ತಿನ್ನಬೇಕಾದದ್ದು ಮರಿ ಎಂದು ಮನೆಯವರು ಕರೆಯುವ ಒಂದೂವರೆ ವರ್ಷದ ಮಗು. ತಿನ್ನಿಸಬೇಕಾದದ್ದು ಅದರ ಅಪ್ಪ, ಲಿಫ್ಟ್ ಮೆಕ್ಯಾನಿಕ್. ಕಡಲೆಕಾಯಿ, ಗೋಡಂಬಿ, ಬಾದಾಮಿ ಯಾವುದೂ ಮರಿಗೆ ಆಗದು. ಆರು ತಿಂಗಳ ಹಿಂದೆ ಯಾರೋ ಪ್ರೀತಿಯಿಂದ ಕಡಲೆಕಾಯಿ ಮಿಠಾಯಿಯ ಚೂರು ಬಾಯಿಗಿಟ್ಟಾಗ, ಐದೇ ನಿಮಿಷದಲ್ಲಿ ಮಗುವಿನ ತುಟಿ, ಕಣ್ಣು ಎಲ್ಲ ಊದಿಕೊಂಡಿತ್ತು. ಅವತ್ತು ಮಗುವನ್ನೆತ್ತಿಕೊಂಡು ಓಡಿದ ಓಟವನ್ನು ಮೆಕ್ಯಾನಿಕ್ ಇನ್ನೂ ಮರೆತಿಲ್ಲ. ಅಂದಿನಿಂದ ಮರಿಯ ಊಟ ಅನ್ನ, ಬಾಳೆಹಣ್ಣು, ಬೆಂದ ಕ್ಯಾರೆಟ್, ಇಷ್ಟೇ. ಹೊಸದೇನನ್ನು ಕಂಡರೂ ಅಪ್ಪನಿಗೆ ಭಯ, ಮಗಳಿಗೆ ಅನುಮಾನ.

ಆದರೆ ಸೋಮವಾರಕ್ಕೆ ಅಮ್ಮನ ರಜೆ ಮುಗಿಯುತ್ತದೆ, ಮರಿ ಶಿಶುವಿಹಾರಕ್ಕೆ ಹೋಗಲೇಬೇಕು. ಅಲ್ಲಿನ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: "ಬೀಜದ ಪದಾರ್ಥ ನಾವು ಒಳಗೇ ಬಿಡಲ್ಲ, ಅದು ನಮ್ಮ ಜವಾಬ್ದಾರಿ. ಆದ್ರೆ ಮೂರೇ ಪದಾರ್ಥ ತಿನ್ನೋ ಮಗುನ ದಿನವಿಡೀ ಹೇಗ್ರೀ ಸಾಕೋದು? ಮೊಟ್ಟೆ ಒಂದು ಒಗ್ಗುತ್ತೆ ಅಂತಾದ್ರೆ ಕರ್ಕೊಂಡ್ ಬನ್ನಿ."

ಮೊಟ್ಟೆ ಕೊಡಬಹುದು, ಮನೆಯಲ್ಲೇ ಕೊಡಿ ಎಂದು ಡಾಕ್ಟರೂ ಹೇಳಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಕಚೇರಿಯಲ್ಲೇನೋ ಸಹಿ ಮಾಡುವುದಿದೆ ಎಂದು ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಪಾಠ ಒಪ್ಪಿಸಿದಳು.

"ರೀ, ಮೊದ್ಲು ಉಗುರಿನಷ್ಟು. ಕಾಲು ಗಂಟೆ ನೋಡಿ. ಏನೂ ಆಗ್ಲಿಲ್ಲ ಅಂದ್ರೆ ಇನ್ನೊಂದು ಚೂರು. ಔಷಧಿ ಪಕ್ಕದಲ್ಲೇ ಇರ್ಲಿ. ಇವತ್ತು ತಿನ್ನಿಸ್ಲಿಲ್ಲ ಅಂದ್ರೆ ಸೋಮವಾರ ನೀವೇ ಮಗು ನೋಡ್ಕೊಂಡು ಮನೇಲಿರಿ."

ಮೆಕ್ಯಾನಿಕ್ ತಲೆಯಾಡಿಸಿದ. ಆದರೆ ಅವನ ಕಸುಬೇ ಅಂಥದ್ದು. ಒಂದು ಹಗ್ಗ ಸಾಕಾಗುವ ಕಡೆ ಲಿಫ್ಟಿಗೆ ನಾಲ್ಕು ಹಗ್ಗ ಕಟ್ಟಿ, ಕೆಳಗೆ ಸ್ಪ್ರಿಂಗನ್ನೂ ಇಟ್ಟು, ಆಮೇಲೂ ಮೆಟ್ಟಿಲು ಹತ್ತಿ ಹೋಗುವ ಮನುಷ್ಯ. ಮನೆಯಲ್ಲಿ ಮೊಟ್ಟೆ ಕೊಟ್ಟು, ಏನಾದರೂ ಆಗಿ, ಆಟೋ ಸಿಗದೆ ಹೋದರೆ? ಮೊಟ್ಟೆಯನ್ನೇ ಆಸ್ಪತ್ರೆಗೆ ಒಯ್ದರೆ ಆಟೋ ಹುಡುಕುವ ಪ್ರಶ್ನೆಯೇ ಇಲ್ಲ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು, ಮರಿಯ ಅಂಗಿಗೆ "ನನಗೆ ಬೀಜದ ಪದಾರ್ಥ ಆಗದು, ದಯವಿಟ್ಟು ಏನನ್ನೂ ಕೊಡಬೇಡಿ" ಎಂಬ ಚೀಟಿ ಚುಚ್ಚಿ, ಡಬ್ಬಿ ಹಿಡಿದು ಹೊರಟ.

ತುರ್ತು ಚಿಕಿತ್ಸೆಯ ಬಾಗಿಲಿಗೆ ಎದುರಾಗಿಯೇ ಒಂದು ಉದ್ದನೆಯ ಬೆಂಚು. ಇನ್ನೇನು ಡಬ್ಬಿ ತೆರೆಯಬೇಕು, ಖಾಕಿ ತೊಟ್ಟ ಗಾರ್ಡ್ ಬಂದು ನಿಂತ.

"ಏನ್ ಸಾರ್, ಪಿಕ್ನಿಕ್ಕಾ? ಹೆಸರು ಬರೆಸಿ ಚೀಟಿ ತಗೊಂಡವರಿಗೆ ಮಾತ್ರ ಬೆಂಚು."

ಮೆಕ್ಯಾನಿಕ್ ಚೀಟಿಯ ಕೌಂಟರಿಗೆ ಹೋದ. ಒಳಗಿದ್ದ ಗುಮಾಸ್ತ ಮುಖ ಎತ್ತದೆ ಕೇಳಿದ.

"ಕಾಯಿಲೆ ಏನು?"

"ಇನ್ನೂ ಬಂದಿಲ್ಲ."

"ಬಂದ್ಮೇಲೆ ಬನ್ನಿ."

"ಬಂದ್ಮೇಲೆ ಬರೋಕೆ ಟೈಮ್ ಇರಲ್ಲ ಅಂತಾನೇ ಮೊದ್ಲೇ ಬಂದಿದೀನಿ."

ಗುಮಾಸ್ತ ಈಗ ಮುಖ ಎತ್ತಿದ. "ನೋಡಿ, ಕಾಲಂ ಖಾಲಿ ಬಿಡೋ ಹಾಗಿಲ್ಲ. ಮಗುಗಿಲ್ಲ ಅಂದ್ರೆ ಬೇಡ, ನಿಮಗೇನಾದ್ರೂ ಇದೆಯಾ?"

"ನನಗಾ? ಬೆಳಿಗ್ಗೆಯಿಂದ ಎದೆ ಡವಡವ ಅಂತಿದೆ, ಅಷ್ಟೇ."

ಗುಮಾಸ್ತ ಅದನ್ನೇ ಬರೆದು, ಮೊಹರು ಒತ್ತಿ ಕೊಟ್ಟ.

ಬೆಂಚೇನೋ ದಕ್ಕಿತು. ಮರಿ ಮಾತ್ರ ಬಾಯಿ ಬಿಡಲಿಲ್ಲ. ಉಗುರಿನಷ್ಟು ಮೊಟ್ಟೆಯನ್ನು ವಿಮಾನವಾಗಿ ಹಾರಿಸಿದ, ರೈಲಾಗಿ ಓಡಿಸಿದ, ತಾನೇ ತಿಂದಂತೆ ನಟಿಸಿದ. ಮರಿ ತುಟಿ ಬಿಗಿದುಕೊಂಡು, ಲಂಚ ನಿರಾಕರಿಸುವ ಅಧಿಕಾರಿಯ ಗತ್ತಿನಲ್ಲಿ ಮುಖ ತಿರುಗಿಸಿತು.

ಬೆಂಚಿನಲ್ಲಿ ಕಾದು ಕಾದು ಬೇಸತ್ತವರಿಗೆ ಹೊತ್ತು ಕಳೆಯಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಷ್ಟ್ರು ಹತ್ತಿರ ಜರುಗಿದರು.

"ಮೂಗು ಹಿಡೀರಿ, ತಾನಾಗೇ ಬಾಯಿ ಬಿಡುತ್ತೆ."

"ಮೂಗು ಹಿಡೀತಾರೇನ್ರೀ ಮಗುಗೆ?" ಎಂದಳು ಚೀಲ ಹಿಡಿದಿದ್ದ ಅಜ್ಜಿ. "ಅಲ್ಲಪ್ಪಾ, ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಎಲ್ಲಿತ್ತು? ನನ್ನ ಏಳು ಮಕ್ಕಳೂ ಕೈಗೆ ಸಿಕ್ಕಿದ್ದೆಲ್ಲ ತಿಂದೇ ಬೆಳೆದ್ವು. ಒಬ್ಬ ನಾಣ್ಯಾನೂ ನುಂಗಿದ್ದ."

ಹೀಗೆ ಒಬ್ಬೊಬ್ಬರಾಗಿ ಹನ್ನೊಂದು ಜನ ಸುತ್ತ ಸೇರಿದರು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಬಂದು ಕೂಗಿದಳು.

"ಎದೆ ಡವಡವ ಯಾರು?"

ಗಾರ್ಡ್ ಮೆಕ್ಯಾನಿಕ್‌ನ ಜೇಬಿನಿಂದ ಇಣುಕುತ್ತಿದ್ದ ಚೀಟಿಯತ್ತ ಬೆರಳು ತೋರಿಸಿದ.

"ಸಿಸ್ಟರ್, ಅದು ಸುಮ್ನೆ ಬೆಂಚಿಗೋಸ್ಕರ..."

"ಎಲ್ಲಾರೂ ಹಾಗೇ ಅಂತಾರೆ. ಮುಖ ನೋಡಿ, ಹೇಗೆ ಬೆವರ್ತಿದೀರಿ. ಬನ್ನಿ. ಮಗು ಒಳಗೆ ಬರೋ ಹಾಗಿಲ್ಲ."

ಕೈ ಹಿಡಿದು ಎಳೆದಾಗ ಮೆಕ್ಯಾನಿಕ್ ಡಬ್ಬಿಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಇದ್ದವರಲ್ಲಿ ಸರ್ಕಾರದಂತೆ ಕಂಡ ಗಾರ್ಡ್‌ಗೆ ಮರಿಯನ್ನು ಒಪ್ಪಿಸಿದ. "ಅಣ್ಣಾ, ಒಂದು ಹನಿ ನೀರೂ ಕೊಡ್ಬೇಡಿ. ಬೇರೆ ಯಾರಿಗೂ ಕೊಡೋಕೆ ಬಿಡ್ಬೇಡಿ."

ಒಳಗೆ ಅವನ ಅಂಗಿ ಬಿಚ್ಚಿಸಿ ಮಲಗಿಸಿದರು. ರಕ್ತದೊತ್ತಡ ನೋಡಿದ ನರ್ಸ್ ಹುಬ್ಬೇರಿಸಿ ಎದೆಗೆ ವೈರುಗಳನ್ನು ಅಂಟಿಸಿದಳು. "ಅಲ್ಲಾಡ್ಬೇಡಿ. ಒಳ್ಳೆ ವಿಷಯ ಏನಾದ್ರೂ ಯೋಚ್ನೆ ಮಾಡಿ."

ಕಣ್ಣು ಮುಚ್ಚಿ ಒಳ್ಳೆಯ ವಿಷಯ ಹುಡುಕುತ್ತಿದ್ದಾಗ ಪರದೆಯಾಚೆಯಿಂದ ಅಜ್ಜಿಯ ದನಿ ತೇಲಿಬಂತು. "ಪಾಪ, ಕೂಸು ಹಸಿದಿದೆ. ನನ್ನ ಹತ್ರ ಬಾದಾಮಿ ಬಿಸ್ಕತ್ತಿದೆ ನೋಡು, ಮೆತ್ತಗಿದೆ."

ಮೆಕ್ಯಾನಿಕ್‌ ಮಂಚದಿಂದ ಜಿಗಿದವನೇ, ಎದೆಯ ಮೇಲೆ ಐದಾರು ವೈರು ಜೋತಾಡಿಸಿಕೊಂಡು ಹೊರಗೆ ಓಡಿದ. ನರ್ಸ್ ಹಿಂದೆಯೇ ಓಡಿದಳು.

ಹೊರಗೆ ಗಾರ್ಡ್ ಮಾತಿಗೆ ತಪ್ಪಿರಲಿಲ್ಲ. ಒಂದು ಕೈಯಲ್ಲಿ ಮರಿಯನ್ನೆತ್ತಿ, ಇನ್ನೊಂದು ಕೈಯನ್ನು ಅಡ್ಡ ಚಾಚಿ, ಅಡ್ಡಾದಿಡ್ಡಿ ಬಂದ ಲಾರಿಯನ್ನು ತಡೆಯುವವನಂತೆ ಅಜ್ಜಿಯ ಮುಂದೆ ನಿಂತು ಜೋರಾಗಿ ವಿಜಲ್ ಊದಿದ. ಅಜ್ಜಿ ಬಿಸ್ಕತ್ತು ಚೀಲಕ್ಕೆ ಹಾಕಿ, ಕೈಯನ್ನೂ ಒರೆಸಿಕೊಂಡಳು. ಇಂಥ ಸದ್ದನ್ನು ಇಷ್ಟು ಹತ್ತಿರದಿಂದ ಕೇಳಿರದ ಮರಿ ಬೆರಗಾಗಿ ಬಾಯಿ ಅಗಲಿಸಿತು.

ಮೆಕ್ಯಾನಿಕ್ ತಡಮಾಡಲಿಲ್ಲ. ಉಗುರಿನಷ್ಟು ಮೊಟ್ಟೆ ಒಳಗೆ ಹೋಯಿತು. ಮರಿ ಯೋಚಿಸಿತು, ಅಗಿಯಿತು, ನುಂಗಿತು.

ಆಮೇಲಿನ ಕಾಲು ಗಂಟೆ ಮೇಷ್ಟ್ರು ಗಡಿಯಾರ ಹಿಡಿದರು. ಬೈಯಲು ಬಂದಿದ್ದ ನರ್ಸ್ ಮರಿಯ ತುಟಿಯನ್ನೂ ಕೆನ್ನೆಯನ್ನೂ ಎವೆಯಿಕ್ಕದೆ ನೋಡುತ್ತ ಕೂತಳು. ಒಂದು ಗುಳ್ಳೆ ಇಲ್ಲ, ಒಂದು ಕೆಂಪು ಚುಕ್ಕೆ ಇಲ್ಲ. ಮೆಕ್ಯಾನಿಕ್‌ಗೆ ಅಳು ಬಂತು. ಹನ್ನೊಂದು ಜನರ ಮುಂದೆ, ಅಂಗಿಯಿಲ್ಲದೆ, ಅವನು ನಿಜಕ್ಕೂ ಅತ್ತ.

ಎರಡನೆಯ ಚೂರಿಗೆ ಮರಿ ಮತ್ತೆ ತುಟಿ ಬಿಗಿಯಿತು. ಗಾರ್ಡ್ ವಿಜಲ್ ಊದಿದ, ಬಾಯಿ ತೆರೆಯಿತು. ಮೂರನೆಯದಕ್ಕೂ ಹಾಗೇ. ಪ್ರತಿ ತುತ್ತಿಗೂ ಬೆಂಚಿಗೆ ಬೆಂಚೇ ಚಪ್ಪಾಳೆ ತಟ್ಟಿತು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಖಾಲಿಯಾಯಿತು.

ಸಂಜೆ ಹೆಂಡತಿ ಬಂದಾಗ ಮೆಕ್ಯಾನಿಕ್ ಎದೆಯುಬ್ಬಿಸಿ ವರದಿ ಒಪ್ಪಿಸಿದ. ಎಲ್ಲಿ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಸಂತೋಷದಿಂದ ಅನ್ನ ಕಲಸಿ ತಂದಳು. ಮರಿ ತುಟಿ ಬಿಗಿಯಿತು. ಬಾಳೆಹಣ್ಣು ತಂದಳು. ಊಹೂಂ. ಪ್ರಾಣಕ್ಕಿಂತ ಹೆಚ್ಚಾದ ಕ್ಯಾರೆಟ್ಟನ್ನೂ ತಳ್ಳಿ, ಮರಿ ಸುತ್ತ ಕಣ್ಣಾಡಿಸಿ ಯಾರನ್ನೋ ಹುಡುಕಿತು. ಮೆಕ್ಯಾನಿಕ್ ಅಂಗಡಿಗೆ ಓಡಿ ವಿಜಲ್ ತಂದು ಊದಿದ. ಮರಿ ಅವನ ಅಂಗಿ ನೋಡಿತು, ಅದು ಖಾಕಿಯಲ್ಲ. ಖಾಲಿ ಸೋಫಾ ನೋಡಿತು, ಅಲ್ಲಿ ಯಾರೂ ಇಲ್ಲ. ಬಾಯಿ ಇನ್ನೂ ಬಿಗಿಯಾಯಿತು.

"ಮಗುಗೇನ್ ಮಾಡಿದ್ರಿ ನೀವು?" ಎಂದಳು ಹೆಂಡತಿ. ಅವನು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು.

ಅದೇ ಹೊತ್ತಿಗೆ ಶಿಶುವಿಹಾರದ ಮೇಡಂ ಫೋನು ಬಂತು.

"ಮೊಟ್ಟೆ ತಿಂತಾ?"

"ತಿಂತು ಮೇಡಂ. ಅರ್ಧ. ಏನೂ ಆಗ್ಲಿಲ್ಲ."

"ಬಹಳ ಸಂತೋಷ. ನೀವು ಹೇಗೆ ತಿನ್ನಿಸಿದ್ರಿ ಹೇಳಿ, ನಾವೂ ಹಾಗೇ ತಿನ್ನಿಸ್ತೀವಿ."

ಮೆಕ್ಯಾನಿಕ್ ಬೆರಳು ಮಡಚಿ ಎಣಿಸತೊಡಗಿದ. "ಏನಿಲ್ಲ ಮೇಡಂ, ಒಂದು ಉದ್ದದ ಬೆಂಚು ಬೇಕು. ಚಪ್ಪಾಳೆ ತಟ್ಟೋಕೆ ಹನ್ನೊಂದು ಜನ. ಖಾಕಿ ಹಾಕ್ಕೊಂಡವರೊಬ್ಬರು ತುತ್ತಿಗೊಂದ್ಸಲ ವಿಜಲ್ ಊದ್ಬೇಕು. ಒಬ್ರು ನರ್ಸ್ ಇದ್ರೆ ಒಳ್ಳೇದು."

"ಹಾಗಿದ್ರೆ ಸೋಮವಾರದಿಂದ ಆಸ್ಪತ್ರೆಗೇ ಸೇರಿಸ್ಬಿಡಿ," ಎಂದು ಮೇಡಂ ಫೋನು ಇಟ್ಟರು.

ಮೆಕ್ಯಾನಿಕ್ ತಿರುಗಿ ನೋಡಿದ. ಹಸಿದ ಮರಿ ತನ್ನ ಪುಟ್ಟ ಚಪ್ಪಲಿ ಕೈಯಲ್ಲಿ ಹಿಡಿದು, ಬೀದಿ ಬಾಗಿಲಿನ ಮುಂದೆ ನಿಂತು, ಆಗಲೇ ಬಾಯಿ ತೆರೆದುಕೊಂಡಿತ್ತು.