ಪರಮಾಣುಗಳು ಕೇಂದ್ರಸ್ಥಾನ ಬಿಡತಕ್ಕದ್ದಲ್ಲ

ಕಚೇರಿಯ ಕುರ್ಚಿಗಳಲ್ಲಿ ಅರ್ಧ ಸದಾ ಖಾಲಿ ಇರುತ್ತವೆ ಎಂಬುದು ಪ್ರಕೃತಿ ನಿಯಮ. ಸೂಪರಿಂಟೆಂಡೆಂಟ್ ಆದ ಮೊದಲ ವಾರವೇ ನಾನಿದನ್ನು ಕಂಡುಕೊಂಡಿದ್ದೆ. ವಿಜ್ಞಾನಿಗಳಿಗೆ ಗೊತ್ತಾಗಲು ಕೋಟಿಗಟ್ಟಲೆ ಖರ್ಚಾಯಿತು.

ಸಂಡೂರಿನ ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಟಿ.ಬಿ. ಡ್ಯಾಂ ರಸ್ತೆಯ ಹಳೇ ಕಟ್ಟಡದಲ್ಲಿ 'ಪರಮಾಣು ಗಣಕ ಉಪಕೇಂದ್ರ' ತೆರೆದು, ಕಂಪ್ಲಿಯ ಸ್ಫೂರ್ತಿಯನ್ನು ವಿಜ್ಞಾನಿಯಾಗಿಯೂ ನನ್ನನ್ನು ಆಕೆಯ ಮೇಲಧಿಕಾರಿಯಾಗಿಯೂ ನೇಮಿಸಲಾಯಿತು. ನನಗೆ ವಿಜ್ಞಾನದ ಗಂಧಗಾಳಿ ಇಲ್ಲದ್ದನ್ನು ನಿಷ್ಪಕ್ಷಪಾತವೆಂದು ಪರಿಗಣಿಸಲಾಗಿತ್ತು.

ಯಂತ್ರವನ್ನು ಸ್ಫೂರ್ತಿ ತಾಳ್ಮೆಯಿಂದ ವಿವರಿಸಿದಳು. ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಡಬ್ಬಿ. ಒಳಗೆ ಲೇಸರ್ ಬೆಳಕಿನ ಸಣ್ಣ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಪರಮಾಣುವನ್ನು ಹಿಡಿದು ಕೂರಿಸುತ್ತದೆ. ಸಾಲಾಗಿ ಕೂತ ಪರಮಾಣುಗಳೇ ಲೆಕ್ಕ ಮಾಡುತ್ತವೆ. ಆದರೆ ಪ್ರತಿ ಸಲವೂ ಅರ್ಧ ಚುಕ್ಕೆ ಖಾಲಿ. ಹಾಗಾದರೆ ಏನು ಮಾಡುತ್ತೀಯವ್ವಾ ಎಂದೆ.

"ಫೋಟೋ ತಗದು, ಇದ್ದವನ್ನ ಮುಂದಕ್ಕ ಸರಿಸಿ ಸಾಲು ತುಂಬಸ್ತೀನ್ರಿ ಸಾರ್."

ನನ್ನ ಕಣ್ಣು ತುಂಬಿ ಬಂತು. ಇನ್‌ಸ್ಪೆಕ್ಷನ್ ದಿನ ನಾವು ಮಾಡುವುದೂ ಅದನ್ನೇ.

ಬೆಂಗಳೂರಿನ ಸಮಿತಿ ಬರುವುದು ಖಚಿತವಾಯಿತು. ತುಂಬಿದ ಸಾಲು ತೋರಿಸಿದರೆ ಕೇಂದ್ರ ಸ್ಫೂರ್ತಿಯ ಕೈಯಲ್ಲೇ ಉಳಿಯುತ್ತದೆ, ಇಲ್ಲವಾದರೆ ಆಕೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ಹೊಳೆಗೆ. ತೊಂದರೆ ಒಂದೇ. ಅದಿರಿನ ಲಾರಿ ಹೋದಾಗಲೆಲ್ಲ ಕಟ್ಟಡ ನಡುಗಿ ಪರಮಾಣುಗಳು ಚೆದುರುತ್ತಿದ್ದವು. ಒಂದು ತಾಸು ಲಾರಿ ನಿಲ್ಲಿಸಿಕೊಡಿ ಎಂದು ಕೇಳಿಕೊಂಡಳು.

ಲಾರಿಗಳಲ್ಲಿ ಒಂದು ನನ್ನದೇ, ಹೆಂಡತಿ ಎರ್ರಮ್ಮನ ಹೆಸರಲ್ಲಿ. ಮನೆಯಲ್ಲಿ ವಿಷಯ ಮಂಡಿಸಿದೆ. ಪರಮಾಣು ನಮ್ಮ ಲಾರಿಗೆ ಡೀಸೆಲ್ ಹಾಕಸ್ತಾವೇನು ಎಂದು ಆಕೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಹೀಗಾಗಿ ಲಾರಿಗಳ ಬದಲು ಪರಮಾಣುಗಳ ಮೇಲೆ ಆದೇಶ ಹೊರಡಿಸಿದೆ:

"ಈ ಮೂಲಕ ಸಮಸ್ತ ಪರಮಾಣುಗಳಿಗೆ ತಿಳಿಯಪಡಿಸುವುದೇನೆಂದರೆ, ಲಾರಿ ಸಂಚಾರದ ನೆಪವೊಡ್ಡಿ ಪೂರ್ವಾನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಸಮಿತಿ ಬಂದ ದಿನ, ಎರಡು ಲಾರಿಗಳ ನಡುವಿನ ಬಿಡುವಿನಲ್ಲೇ ಸ್ಫೂರ್ತಿ ಹೇಗೋ ಸಾಲು ತುಂಬಿಸಿದಳು. ಪರದೆಯ ಮೇಲೆ ದೀಪದ ಸರದಂತೆ ಚುಕ್ಕೆಗಳು ಹೊಳೆಯುತ್ತಿದ್ದವು. ಆಕೆ ಅತಿಥಿಗಳನ್ನು ಕರೆತರಲು ಬಾಗಿಲಿಗೆ ಹೋದಾಗ, ಪರಮಾಣುಗಳಿಗೆ ಕಾಣಲೆಂದು ಆದೇಶವನ್ನು ನಾನೇ ಗಾಜಿನ ಡಬ್ಬಿಗೆ ಅಂಟಿಸಿ ಸೀಲು ಹಾಕಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಸಮಿತಿ ಒಳಗೆ ಬಂದಾಗ ಪರದೆ ಕಪ್ಪಾಗಿತ್ತು.

"ಸಾರ್, ಆ ಕಾಗದ ತಗೀರಿ," ಎಂದಳು ಸ್ಫೂರ್ತಿ ಮೆಲ್ಲಗೆ. "ಬೆಳಕು ಒಳಗ ಹೋಗವಲ್ದು. ಒಂದು ನಿಮಿಷ ಸಾಕ್ರಿ."

ಅಂಟಿಸಿದ ಆದೇಶವನ್ನು ತಿಂಗಳು ತುಂಬುವವರೆಗೆ ತೆಗೆಯುವಂತಿಲ್ಲ. ಆದರೂ ಆಕೆಯ ಮುಖ ನೋಡಿ ಸಂಕಟವಾಗಿ ಕೈ ಮುಂದೆ ಚಾಚಿದೆ. ಅಷ್ಟರಲ್ಲಿ ಅಧ್ಯಕ್ಷರು ಆದೇಶ ಓದಿ, ಇಷ್ಟು ಶಿಸ್ತಿನ ಕೇಂದ್ರ ನೋಡಿಲ್ಲ ಎಂದು ಮೆಚ್ಚಿದರು. ಚಾಚಿದ ಕೈಯಲ್ಲೇ ನಮಸ್ಕಾರ ಮಾಡಿದೆ. ಪರಮಾಣುಗಳು ಎಲ್ಲಿ ಎಂದು ಕೇಳಿದರು.

"ಅನ್ಯ ಕಾರ್ಯನಿಮಿತ್ತ ಹೋಗ್ಯಾವ್ರಿ ಸಾರ್," ಎಂದೆ.

'ತೃಪ್ತಿಕರ' ಎಂದು ಬರೆದು ಅವರೆಲ್ಲ ಹಂಪಿ ನೋಡಲು ಹೊರಟರು. ಸ್ಫೂರ್ತಿ ಲೇಸರ್ ಆರಿಸಿ, ಚೀಲ ಹೆಗಲಿಗೇರಿಸಿ ಹೋದಳು. ನನಗೆ ಭಾಳ ನಾಚಿಕೆಯಾಯಿತು. ಹೊರಗೆ ನಮ್ಮ ಲಾರಿಯೇ ಹಾರ್ನ್ ಹೊಡೆಯುತ್ತ ಹಾದುಹೋಯಿತು.

ಆಕೆ ಮತ್ತೆ ಬರಲಿಲ್ಲ. ದಾಖಲೆಯಲ್ಲಿ ಆಕೆಯೂ ಅನ್ಯ ಕಾರ್ಯನಿಮಿತ್ತ ಹೋಗಿದ್ದಾಳೆ. ಕುರ್ಚಿ ಖಾಲಿ ಕಾಣಬಾರದಲ್ಲ, ಮೊನ್ನೆ ಇನ್‌ಸ್ಪೆಕ್ಷನ್ನಿಗೆ ನಾನೇ ಮುಂದಕ್ಕೆ ಸರಿದು ಅದರಲ್ಲಿ ಕೂತೆ. ಗಣಕ ಹೇಗೆ ನಡೆದಿದೆ ಎಂದು ಬಂದವರು ಕೇಳಿದರು. ಪರಮಾಣುಗಳಿಂದ ಇದುವರೆಗೆ ಯಾವ ತಕರಾರೂ ಬಂದಿಲ್ಲ ಎಂದೆ. ಬರೆದುಕೊಂಡು ಹೋದರು.