ಮೂರು ಸುತ್ತು ಬಾಕಿ ಇರುವಾಗ ಹೊದಿಸಿದ ಶಾಲು

ಗಲಗಲಿಯ ಕೆಸರು ಸೈಕಲ್ ಸ್ಪರ್ಧಾ ಸಮಿತಿಯ ಅಧ್ಯಕ್ಷರೂ, ಕೊರಳು ಕಂಡಲ್ಲಿ ಮಾಲೆ ಹಾಕದೆ ಮುಂದೆ ಹೋಗದ ಉದಾರಿಗಳೂ ಆದ ಮಾನ್ಯ ಶ್ರೀ ಮಹಾಲಿಂಗಪ್ಪನವರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ಮಗಳು ರೇಷ್ಮಾಳ ಕಣ್ಣುರಿ ಇಳಿದಿದೆ. ತಾವು ಅವಳಿಗೆ ಹೊದಿಸಿದ ಶಾಲನ್ನು ಎರಡು ಸಲ ಒಗೆದು ಹಾಕಿದ್ದೇನೆ, ಎರೆ ಮಣ್ಣಿನ ಕಲೆ ಮಾತ್ರ ಹೋಗಲೊಲ್ಲದು. ನಾನು ಶೇವಂತಿ, ಇದೇ ಊರಿನ ಪಂಚಾಯತಿ ಗ್ರಂಥಾಲಯವನ್ನು ನೋಡಿಕೊಳ್ಳುವವಳು. ಕಳೆದ ಭಾನುವಾರ ತಾವು ನಮ್ಮ ಮನೆತನಕ್ಕೆ ಮಾಡಿದ ಗೌರವಕ್ಕೆ ನಾಲ್ಕು ಜನರ ಎದುರು ಧನ್ಯವಾದ ಹೇಳದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಪಂಚಾಯತಿಯ ನೋಟಿಸ್ ಬೋರ್ಡಿಗೂ ಹಚ್ಚಲಾಗುವುದು.

ಮೊದಲು ಸ್ಪರ್ಧೆಯ ಬಗ್ಗೆ ಎರಡು ಒಳ್ಳೆಯ ಮಾತು. ಹೊರಗಿನವರು ಸೈಕ್ಲೋಕ್ರಾಸ್ ಎನ್ನುವ ಈ ಆಟವನ್ನು ತಾವು ಕೆಸರು ಸೈಕಲ್ ಎಂದು ಕರೆದು, ಹೊಳೆ ದಂಡೆಯ ಎರೆ ಹೊಲ, ಕಬ್ಬು ಕಡಿದ ಕೂಳೆ, ಚಕ್ಕಡಿ ಹಾದಿ, ಹೊಳೆಯ ಮೆಟ್ಟಿಲು ಇವೆಲ್ಲವನ್ನೂ ಸೇರಿಸಿ ಒಂದು ಸುತ್ತು ಮಾಡಿ, ಬನಹಟ್ಟಿಯಿಂದ ಹಳೆಯ ಮಗ್ಗದ ಮರ ತರಿಸಿ ಅಡ್ಡ ಹಾಕಿಸಿ, ತುಳಿಯಲಾಗದ ಕಡೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡಬೇಕೆಂದು ಸಾರಿದಾಗ ನನ್ನ ಮಗಳು ನಕ್ಕುಬಿಟ್ಟಳು. ಅಪ್ಪನ ಕುರಿ ಹಿಂಡಿನ ಹಿಂದೆ, ನಡೆಯಲಾಗದ ಮರಿಗಳನ್ನು ಹೊತ್ತು ಹಳ್ಳ ದಾಟಿ ಬೆಳೆದವಳು ಅವಳು. ಸೈಕಲ್ಲಾದರೆ ಒದೆಯುವುದಿಲ್ಲ ಎಂದಳು.

ಆದರೆ ಅವಳಿಗೆ ಇದು ಬರೀ ಆಟವಾಗಿರಲಿಲ್ಲ ಎಂಬುದು ತಮಗೂ ಗೊತ್ತಿತ್ತು. ಮೊದಲ ಇಬ್ಬರನ್ನು ಸೈಕಲ್ ಕ್ರೀಡಾ ವಸತಿ ನಿಲಯದ ಆಯ್ಕೆ ಶಿಬಿರಕ್ಕೆ ಕಳಿಸುತ್ತೇವೆ ಎಂದು ತಾವೇ ಮನೆ ಮನೆಗೆ ಬಂದು ಹೇಳಿದ್ದಿರಿ. ಆ ಶಿಬಿರಕ್ಕೆ ಹದಿನಾರು ತುಂಬಿದವರನ್ನು ಕರೆಯುವುದಿಲ್ಲ. ರೇಷ್ಮಾಳಿಗೆ ಬರುವ ತಿಂಗಳೇ ಹದಿನಾರು ತುಂಬುತ್ತದೆ. ಆರು ತಿಂಗಳು ಅವಳು ಬೀಳಗಿ ರಸ್ತೆಯನ್ನು ಎಷ್ಟು ಸಲ ತುಳಿದಳೆಂದರೆ ಕಬ್ಬಿನ ಟ್ರ್ಯಾಕ್ಟರಿನವರು ಅವಳ ಗುರುತು ಹಿಡಿದು ಬದಿಗೆ ಸರಿಯುತ್ತಿದ್ದರು.

ಭಾನುವಾರ ಮೊದಲ ಸುತ್ತು ಮುಗಿಸಿ ಅವಳು ಎಲ್ಲರಿಗಿಂತ ಒಂದು ನಿಮಿಷ ಮುಂದೆ ಬಂದಾಗ ಆದದ್ದಕ್ಕೆ ತಮ್ಮೊಬ್ಬರನ್ನೇ ಹೊಣೆ ಮಾಡುವಷ್ಟು ಕೃತಘ್ನಳಲ್ಲ ನಾನು. ಜಮಖಂಡಿಯಿಂದ ಮುಧೋಳಕ್ಕೆ ಸೈಕಲ್ ಸ್ಪರ್ಧೆ ನೋಡಿ ಬೆಳೆದ ಜನ ನಾವು. ಗೆರೆ ಮೊದಲು ದಾಟಿದವನು ಗೆದ್ದ, ಅಲ್ಲಿಗೆ ಮುಗಿಯಿತು. ನಾಲ್ಕು ಸುತ್ತು ಎಂಬುದು ಕರಪತ್ರದಲ್ಲಿ ಇತ್ತು ನಿಜ, ಆದರೆ ತಮ್ಮ ಭಾವಚಿತ್ರದ ಕೆಳಗೆ ಉಳಿದಷ್ಟು ಜಾಗದಲ್ಲಿ ಇತ್ತು. ನನ್ನ ಗಂಡ ಮಾಳಿಂಗರಾಯರು ಬೀರೇಶ್ವರನ ಹೆಸರು ಹೇಳಿ ಮುಷ್ಟಿ ತುಂಬ ಭಂಡಾರದ ಅರಿಶಿನ ತೂರಿದರು. ಅದು ಹುಡುಗಿಯ ಕಣ್ಣಿಗೇ ಬಿತ್ತು, ಅವಳು ಕಾಲು ಊರಿದಳು. ಈ ಅಪರಾಧಕ್ಕೆ ನಮ್ಮ ಮನೆಯಲ್ಲಿ ವಿಚಾರಣೆ ಮುಗಿದು ಶಿಕ್ಷೆ ನಡೆಯುತ್ತಿದೆ. ಈ ವಾರವೆಲ್ಲ ರೊಟ್ಟಿ ಬಡಿಯುತ್ತಿರುವುದು ಅವರೇ.

ಆದರೆ ಕಾಲು ಊರಿದವಳ ಹ್ಯಾಂಡಲ್ ಹಿಡಿದು ವೇದಿಕೆಗೆ ಹತ್ತಿಸಿದ ಕೀರ್ತಿ ತಮ್ಮದು. ನಾನಾಗ ಆಚೆ ಹೊಳೆಯ ಮೆಟ್ಟಿಲ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗಿದರು, ನನ್ನ ಮಗಳು ಬರಲಿಲ್ಲ. ಬಿದ್ದಳೋ, ಕಾಲು ಮುರಿಯಿತೋ ಎಂದು ಹಾದಿ ನೋಡುತ್ತಿರುವಾಗ ಮೈಕಿನಲ್ಲಿ ತಮ್ಮ ಧ್ವನಿ ಕೇಳಿತು: "ನಿಂದ್ರವಾ, ಫೋಟೊ ಒಂದ ಆಗ್ಲಿ. ಎಲ್ಲಿ ಓಡಿ ಹೊಕ್ಕೈತಿ ಸೈಕಲ್ಲು?" ಶಾಲು, ಮಾಲೆ, ಹಣ್ಣಿನ ಬುಟ್ಟಿ ಆದವು. ಎರಡು ಮಾತಾಡು ಎಂದು ಮೈಕನ್ನು ಅವಳ ಬಾಯಿಗೆ ಹಿಡಿದಿರಿ. ಅವಳು ಆಡಿದ ಎರಡೂ ಮಾತು ಹೊಳೆಯ ಆಚೆ ದಂಡೆಗೂ ಕೇಳಿದವು: "ಸರ, ಇನ್ನಾ ಮೂರ ಸುತ್ತ ಅದಾವ್ರಿ. ಬಿಡ್ರಿ ನನ್ನ." ತಾವು ಚಪ್ಪಾಳೆ ತಟ್ಟಿ, "ನೋಡ್ರಿ, ಹುಡಿಗಿ ಛಲಾ ಹೆಂಗೈತಿ" ಎಂದಿರಿ. ಜನರೂ ತಟ್ಟಿದರು. ಒಟ್ಟು ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದು ತಮ್ಮದೇ ಸಮಿತಿ ಹಂಚಿದ ವಿಡಿಯೋ ಹೇಳುತ್ತದೆ.

ಹನ್ನೊಂದು ಜನರ ಹಿಂದೆ ಬಿದ್ದವಳು ಮಾಲೆ ಕಿತ್ತೆಸೆದು, ತೆಗೆದಿಡಲು ಪುರಸೊತ್ತಿಲ್ಲದೆ ಶಾಲನ್ನು ಸೊಂಟಕ್ಕೆ ಬಿಗಿದು, ಮೂರು ಸುತ್ತಿನಲ್ಲಿ ಒಂಬತ್ತು ಜನರನ್ನು ದಾಟಿ, ಎರಡನೆಯವಳಾದ ಮುಧೋಳದ ಶೀತಲಳಿಗಿಂತ ಒಂದು ಗಾಲಿ ಹಿಂದೆ ಗೆರೆ ಮುಟ್ಟಿದಳು. ಆದರೆ ತಮ್ಮ ಫಲಿತಾಂಶದ ಪಟ್ಟಿಯಲ್ಲಿ ಅವಳು ಮೂರನೆಯವಳೂ ಅಲ್ಲ. ಅವಳ ಹೆಸರಿನ ಮುಂದೆ ಸಮಯವಿಲ್ಲ, ಸ್ಥಾನವಿಲ್ಲ, "ಸನ್ಮಾನಿತರು" ಎಂದಷ್ಟೇ ಇದೆ. ಕಾರ್ಯದರ್ಶಿ ವೀರಣ್ಣನವರನ್ನು ಕೇಳಿದರೆ, "ಅಕ್ಕಾರ, ಸನ್ಮಾನ ಆದಾಕೀನ್ನ ಮೂರನೇದಾಕಿ ಅಂತ ಬರದ್ರ ಅಧ್ಯಕ್ಷರಿಗೆ ಅಪಮಾನ ಆಗತೈತ್ರಿ" ಎಂದು ತಲೆ ಕೆರೆದುಕೊಂಡರು. ತಮ್ಮ ಮಾನದ ತೂಕ ಇಷ್ಟೆಂದು ನನಗೆ ಮೊದಲೇ ತಿಳಿದಿದ್ದರೆ ಅದನ್ನೂ ಹೊತ್ತು ಓಡುವ ಅಭ್ಯಾಸವನ್ನು ಮಗಳಿಗೆ ಮಾಡಿಸುತ್ತಿದ್ದೆ.

ಆದ್ದರಿಂದ ಮುಂದಿನ ವರ್ಷಕ್ಕೆ ಕೆಲವು ವಿನಮ್ರ ಬೇಡಿಕೆಗಳು. ಸ್ಪರ್ಧೆಯ ಹಿಂದಿನ ದಿನವೇ ಎಲ್ಲ ಹುಡುಗಿಯರ ಮನೆಗೂ ಬಂದು, ಗೆದ್ದರೂ ಸೋತರೂ ಸಲ್ಲುವಂತೆ, ಮಾಲೆ ಹಾಕಿ ಹೋಗಬೇಕು. ಅಷ್ಟು ದಿನ ತಡೆಯಲಾಗದಿದ್ದರೆ ವೇದಿಕೆಗೆ ಗಾಲಿ ಹಚ್ಚಿಸಿ, ಓಡುವವರ ಪಕ್ಕದಲ್ಲೇ ಎಳೆಸಿಕೊಂಡು ಬಂದು ಸನ್ಮಾನಿಸಬೇಕು. ಹೊಳೆಯ ಮೆಟ್ಟಿಲು ಬಂದಾಗ ನಿಯಮದಂತೆ ಸಮಿತಿಯವರೇ ಇಳಿದು ವೇದಿಕೆಯನ್ನು ಹೆಗಲ ಮೇಲೆ ಹೊರಬೇಕು. ಗಣ್ಯರ ಕೈಗೆ ಅಂಟಿದ ಮಾಲೆ ಹಾಕುವ ಚಟ ಇಷ್ಟಕ್ಕೂ ತೀರದಿದ್ದರೆ ಆ ಮಗ್ಗದ ಮರಗಳಿಗೆ ಹಾಕಲಿ. ಅವು ಎಲ್ಲಿಗೂ ಹೋಗಬೇಕಾಗಿಲ್ಲ, ಸಾವಕಾಶವಾಗಿ ಫೋಟೊ ತೆಗೆಸಿಕೊಳ್ಳುತ್ತವೆ.

ಇಷ್ಟು ನಗೆಯಾಡಿದ್ದು ಸಾಕು. ನನಗೆ ಸಿಟ್ಟು ಬಂದಿದೆ, ಮಹಾಲಿಂಗಪ್ಪನವರೇ. ತಾವು ಕೆಟ್ಟವರಲ್ಲ, ಊರಿಗೆ ಈ ಆಟ ತಂದವರೇ ತಾವು. ಹುಡುಗಿ ಗೆದ್ದಳೆಂದು ಖುಷಿಯಾಗಿಯೇ ಕೈ ಹಿಡಿದಿರಿ. ಆದರೆ ಆಕೆ ಬಿಡಿರಿ ಎಂದ ಮೇಲೂ ಹಿಡಿದಿರಿ. ಭಾನುವಾರದಿಂದ ಅವಳು ಸೈಕಲ್ ಮುಟ್ಟಿಲ್ಲ, ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದಾಳೆ. ಶೀತಲಳ ಜಾಗ ನಮಗೆ ಬೇಡ. ಆಕೆಯೂ ಬೆವರು ಸುರಿಸಿ ಬಂದವಳು. ಇಬ್ಬರ ಜೊತೆ ಮೂರನೆಯ ಹೆಸರನ್ನೂ ಬರೆದು, ನಾಲ್ಕು ನಿಮಿಷ ಹತ್ತು ಸೆಕೆಂಡು ಎಲ್ಲಿ ಹೋದವೆಂದು ಒಂದು ಸಾಲು ಸೇರಿಸಿ ಶಿಬಿರಕ್ಕೆ ಕಳಿಸಿ. ಕರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಪಟ್ಟಿ ಹೋಗುವುದು ಸೋಮವಾರ.

ತಮ್ಮ ಸನ್ಮಾನದ ಭಾರದಿಂದ ಇನ್ನೂ ತಲೆ ಎತ್ತಲಾಗದ,
ತಮ್ಮ ವಿಶ್ವಾಸಿ,
ಶೇವಂತಿ ಮಾಳಿಂಗರಾಯ
ಗಲಗಲಿ

ತಾ.ಕ.: ಇದನ್ನು ಬರೆದು ಮುಗಿಸುವಾಗ ಶೀತಲ ಮುಧೋಳದಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. "ಕಾಕೂ, ಆಕಿ ಸ್ಟೇಜಿನ ಮ್ಯಾಲ ಇದ್ದಾಗ ನಾ ಮುಂದ ಹೋದೆ. ನಿದ್ದಿ ಹತ್ತವಲ್ದು" ಎಂದಳು. ತಡೆದು ನಿಲ್ಲಿಸಿದಾಗ ರೇಷ್ಮಾ ನಮಗಿಂತ ಮುಂದಿದ್ದಳು ಎಂದು ಒಂದು ಹಾಳೆಯಲ್ಲಿ ಬರೆದು, ತಾನೂ ಸಹಿ ಮಾಡಿ, ಮೊದಲನೆಯವಳಾದ ಜಮಖಂಡಿಯ ಹುಡುಗಿಯಿಂದಲೂ ಸಹಿ ಮಾಡಿಸಿಕೊಂಡು ತಂದಿದ್ದಾಳೆ. ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಹದಿನೈದು ವರ್ಷದ ಇಬ್ಬರ ಕೆಳಗೆ ತಮ್ಮ ಸಹಿಗೂ ಜಾಗ ಬಿಟ್ಟಿದೆ. ತಪ್ಪಾಯಿತು ಎಂದು ಬರೆಯಬೇಕಾಗಿಲ್ಲ, ಹೆಸರು ಬರೆದರೆ ಸಾಕು. ಪೆನ್ನನ್ನೂ ಲಕೋಟೆಯಲ್ಲಿ ಇಟ್ಟಿದ್ದೇನೆ.