ಸರ್ವೇ ಕಲ್ಲು, ಅವಲಕ್ಕಿ ಡಬ್ಬಿ ಮತ್ತು ಒಂದು ಲಾರಿ

ಗುಡ್ಡ ಹತ್ತಿ ಇಳಿಯಾಕ ನನಗ ಒಂದೂವರಿ ತಾಸು ಸಾಕು. ಯಾಕ ಹತ್ತಿದೆ ಅಂತ ಕೆಳಗ ನಿಂತವರಿಗೆ ತಿಳಿಸಿ ಹೇಳಾಕ ಮಾತ್ರ ಅರ್ಧ ದಿನ ಬೇಕು. ಹಿಂಗಾಗಿ ನಾ ಹೋದಲ್ಲೆಲ್ಲಾ ಒಂದಿಲ್ಲೊಂದು ಫಜೀತಿ ಆಗೇ ತೀರತದ.

ಮೊದ್ಲ ನನ್ನ ಹುಚ್ಚು ಏನಂತ ಹೇಳಿಬಿಡ್ತೀನಿ. ಹಿಂದಕ ದೇಶ ಅಳಿಯಾಕ ಬಂದ ಸರ್ವೇದವರು ಎತ್ತರದ ಗುಡ್ಡದ ತುದಿಗೆ ಗುರುತು ಮಾಡಿ ಹೋಗ್ಯಾರ. ಕಲ್ಲಿನ ಮ್ಯಾಲ ಒಂದು ಚುಕ್ಕಿ, ಸುತ್ತ ಒಂದು ದುಂಡು ಗೆರಿ, ಅಷ್ಟ. ಅಂಥಾ ಕಲ್ಲು ಹುಡುಕೋದು, ಪಕ್ಕದ ಸಂದ್ಯಾಗ ಒಂದು ಡಬ್ಬಿ ಬಚ್ಚಿಡೋದು, ಅದು ಎಲ್ಲದ ಅಂತ ಮೊಬೈಲ್‌ನ್ಯಾಗ ಹಾಕೋದು. ನನ್ನಂಥ ಹುಚ್ಚರು ಇನ್ನೂ ಅದಾರ. ಅವರು ಹುಡುಕಿಕೊಂಡು ಬಂದು ಡಬ್ಬಿಯೊಳಗಿನ ನೋಟ್‌ಬುಕ್ಕಿನ್ಯಾಗ ಹೆಸರು ಬರೀತಾರ. ಡಬ್ಬಿಯೊಳಗಿಂದ ಒಂದು ಸಾಮಾನು ತಗೊಂಡ್ರ ಬದಲಿ ಇನ್ನೊಂದು ಇಡಬೇಕು, ಇದೊಂದ ನಿಯಮ. ಶಕ್ತಿನಗರದ ಕರೆಂಟ್ ತಯಾರಿಸೋ ಸ್ಥಾವರದಾಗ ವಾರವೆಲ್ಲಾ ಮಿಷನ್ ಸಪ್ಪಳ ಕೇಳೋ ನನಗ ಐತಾರಕ್ಕೊಮ್ಮಿ ಗುಡ್ಡದ ಗಾಳಿ ಬೇಕ ಬೇಕು.

೧. ಮನಿ ಹಿಂದಿನ ಕಲ್ಲು

ಮೊದಲನೇ ಐತಾರ ಬೂಟು ಹಾಕ್ಕೊಳ್ಳಾಕತ್ತಿದ್ದೆ. ಮನಿಯಾಕಿ ಬಂದು ನಿಂತಳು.

"ಎಲ್ಲಿಗ್ರೀ ಸವಾರಿ?"

"ಮಾನ್ವಿ ಕಡೆ ಗುಡ್ಡದ ಮ್ಯಾಲ ಒಂದು ಕಲ್ಲದ. ನೋಡ್ಕೊಂಡು ಬರ್ತೀನಿ."

ಆಕಿ ನನ್ನ ಮುಖ ನೋಡಿದಳು, ಬೂಟು ನೋಡಿದಳು, ಮತ್ತ ಮುಖ ನೋಡಿದಳು. "ರಾಯಚೂರು ಜಿಲ್ಲಾದಾಗ ಹುಟ್ಟಿ ಬೆಳದು, ಕಲ್ಲು ನೋಡಾಕ ಪೆಟ್ರೋಲ್ ಸುಟ್ಟುಕೊಂಡು ಹೋಗ್ತೀರೇನು? ಮನಿ ಹಿಂದ ಬಟ್ಟಿ ಒಗಿಯೋ ಕಲ್ಲದ. ಅದನ್ನ ನೋಡ್ರಿ. ನೋಡ್ಕೋತ ನಾಕು ಬಟ್ಟೀನೂ ಒಗೀರಿ."

ಅವತ್ತು ಎರಡೂ ಕಲ್ಲು ನೋಡಿದೆ. ಮೊದ್ಲ ಮನಿ ಹಿಂದಿಂದು.

೨. ಅಣ್ಣ-ತಮ್ಮರ ಬದು

ಬಾಗಲವಾಡದ ಆಚೆಕ ಒಂದು ದಿಬ್ಬದ ಕೆಳಗ ಮೊಬೈಲ್ ಎತ್ತಿ ಹಿಡಕೊಂಡು ದಿಕ್ಕು ನೋಡಾಕತ್ತಿದ್ದೆ. ಹೊಲದಾಗಿದ್ದ ರೈತ ಓಡಿ ಬಂದ. "ಸರ್ವೇದವರು ಬಂದ್ರಿ? ಬರ್ರಿ ಬರ್ರಿ, ಛಲೋ ಆತು." ನಾ ಸರ್ವೇದವ ಅಲ್ಲ ಅಂದೆ. "ಎಲ್ಲಾ ಸರ್ವೇದವರೂ ಮೊದ್ಲ ಹಂಗ ಅಂತಾರ್ರೀ" ಅಂತ ಕೈ ಹಿಡದು ಎಳದ.

ನೋಡಿದ್ರ ಆತಂದೂ ಆತನ ತಮ್ಮಂದೂ ಬದುವಿನ ಜಗಳ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗ್ಯಾವ. ಅಣ್ಣ ಕರದ ಅಂತ ಗೊತ್ತಾಗಿ ತಮ್ಮನೂ ಬಂದ. ಅಣ್ಣ ರೊಟ್ಟಿ-ಪುಂಡಿಪಲ್ಯ ಕೊಟ್ಟ, ತಮ್ಮ ತಾನ್ಯಾಕ ಕಡಿಮಿ ಅಂತ ಮೊಸರು ತಂದ. ಉಂಡ ಮ್ಯಾಲ ನಾ ಕೈ ಮುಗದು, "ಯಪ್ಪಾ, ನಾ ಬರೇ ಗುಡ್ಡದ ಕಲ್ಲು ನೋಡಾಕ ಬಂದವ. ಹೊಲ ಅಳಿಯೋದು ಖರೇನ ನನಗ ಬರಂಗಿಲ್ಲ" ಅಂದೆ.

ಅಣ್ಣ ತಮ್ಮನ ಕಡೆ ತಿರುಗಿ ನೋಡಿದ. "ಈತಗ ಏನೂ ಬರಂಗಿಲ್ಲ, ನೋಡು."

ತಮ್ಮ ಅಂದ, "ನೋಡಿದ ಕೂಡ್ಲೆ ನನಗ ಗೊತ್ತಾತು ಬಿಡಣ್ಣ."

೩. ದೇವದುರ್ಗದ ಡಬ್ಬಿ

ದೇವದುರ್ಗದ ಹತ್ರದ ಗುಡ್ಡದ ಮ್ಯಾಲ ಮನಿಯಾಕಿಯ ಅವಲಕ್ಕಿ ಡಬ್ಬಿ ಇಟ್ಟು ಬಂದಿದ್ದೆ. ಎರಡು ತಿಂಗಳು ಬಿಟ್ಟು ಹೋದ್ರ, ಶಿವನ! ಸರ್ವೇ ಕಲ್ಲಿಗೆ ಮೂರು ಗೆರಿ ವಿಭೂತಿ, ತಲಿ ಮ್ಯಾಲ ಚೆಂಡುಹೂವು. ನನ್ನ ಡಬ್ಬಿಗೂ ಕುಂಕುಮ.

ಪಕ್ಕದಾಗ ಒಬ್ಬ ಮುದುಕಿ ಮೊಣಕಾಲು ತಿಕ್ಕೋತ ಕುಂತಿದ್ದಳು. ಗುಡ್ಡದ ಕೆಳಗಿನ ಊರಾಕಿ. ನಾ ಬಾಯಿ ತೆಗಿಯೋಕ್ಕಿಂತ ಮೊದ್ಲ ತನ್ನ ಸಂಕಟ ಹೇಳಿಕೊಂಡಳು. ಮಗಳನ್ನ ಮಾನ್ವಿ ಕಡೆ ಕೊಟ್ಟಾರ. ಐದು ವರ್ಷಾತು, ಮಕ್ಕಳಿಲ್ಲ. ಅಳಿಯ ಬಂಗಾರದಂಥವ, ಆದ್ರ ಬೀಗತಿ, ಅಂದ್ರ ಅಳಿಯನ ತಾಯಿ, ಯುಗಾದಿ ಕಳದ ಕೂಡ್ಲೆ ಮಗನಿಗೆ ಇನ್ನೊಂದು ಲಗ್ನ ಮಾಡ್ತೀನಿ ಅಂತ ಕುಂತಾಳ.

"ಮಗಳು ಫೋನಿನ್ಯಾಗ ಬರೇ ಅಳ್ತಾಳ ಯಪ್ಪಾ. ಅದಕ್ಕ ಈ ದೇವರಿಗೆ ತೊಟ್ಟಿಲು ಇಟ್ಟೀನಿ."

ಡಬ್ಬಿ ತೆಗದು ತೋರಿಸಿದಳು. ಅಂಗೈಯಷ್ಟು ಕಟ್ಟಿಗಿ ತೊಟ್ಟಿಲು, ಬಡಿಗೇರ ಮಾಡಿಕೊಟ್ಟದ್ದು. ನನ್ನ ನೋಟ್‌ಬುಕ್ ಅದರ ಕೆಳಗ ಹಾಸಿಗಿ ಆಗಿತ್ತು. ಇದು ದೇವರಲ್ಲ, ಅಳತಿ ಕಲ್ಲು ಅಂತ ಹೇಳಾಕ ನನ್ನ ನಾಲಿಗಿ ಹೊಳ್ಳಲಿಲ್ಲ. ನಾನೂ ಕೈ ಮುಗದೆ. ಆಕಿ ಕಣ್ಣಿಗೆ ಕಾಣಲಿ ಅಂತ ಎರಡು ಸಲ ಮುಗದೆ.

೪. ದೇವರು ಕೊಟ್ಟ ಲಾರಿ

ಹದಿನೈದು ದಿನಕ್ಕ ಮೊಬೈಲ್‌ಗೆ ಒಂದು ಫೋಟೋ ಬಂತು. ಹೈದರಾಬಾದಿನ ನಮ್ಮಂಥವನೊಬ್ಬ ಕಾರು ತಗೊಂಡು ಬಂದು ಆ ಗುಡ್ಡ ಹತ್ಯಾನ. ಫೋಟೋದಾಗ ಆತನ ಅಂಗೈಯೊಳಗ ಮುದುಕಿಯ ತೊಟ್ಟಿಲು! "ಭಾಳ ಚೆಂದದ ಕೈಕೆಲಸ. ತಗೊಂಡೀನಿ. ನಿಯಮದಂಗ ಬದಲಿ ಒಂದು ಆಟಿಗಿ ಲಾರಿ ಇಟ್ಟೀನಿ" ಅಂತ ಬರದಿದ್ದ.

ಕೂಡ್ಲೆ ಆತಗ ಫೋನ್ ಹಚ್ಚಿ ಬೈದೆ. ಪಾಪ, ಆತಗೇನು ಗೊತ್ತು? ಗಾಬರಿಯಾಗಿ ಮರುದಿನವೇ ತೊಟ್ಟಿಲು ಕೊರಿಯರ್ ಮಾಡಿದ. ಐತಾರ ಅದನ್ನ ಚೀಲದಾಗ ಇಟ್ಟುಕೊಂಡು, ಮುದುಕಿ ನೋಡೋದರೊಳಗ ಇಟ್ಟುಬಿಡಬೇಕು ಅಂತ ಒಂದೇ ಉಸಿರಿಗೆ ಗುಡ್ಡ ಹತ್ತಿದೆ.

ಮ್ಯಾಲ ಒಬ್ಬರಲ್ಲ, ಇಬ್ಬರು ಕುಂತಿದ್ದರು. ಮುದುಕಿ, ಮತ್ತ ಆಕಿ ಪಕ್ಕ ಏದುಸಿರು ಬಿಡಾಕತ್ತಿದ್ದ ಧಡೂತಿ ಹೆಂಗಸು. "ನಮ್ಮ ಬೀಗತಿ" ಅಂದಳು ಮುದುಕಿ. ಅದ ಬೀಗತಿ! ಆಕಿ ಉಡಿಯಾಗ ಹಳದಿ ಲಾರಿ. ಅದರ ಗಾಲಿ ಅಂಗೈ ಮ್ಯಾಲ ಹಿಂದ-ಮುಂದ ಓಡಿಸಾಕತ್ತಿದ್ದಳು.

"ನೋಡ್ರೀ ಸಾಹೇಬ್ರ," ಅಂದಳು ಬೀಗತಿ. "ನಮ್ಮ ಬೀಗತಿ ತೊಟ್ಟಿಲು ಇಟ್ಟಿದ್ಳಂತ, ದೇವರು ಅದನ್ನ ತಗೊಂಡು ಲಾರಿ ಕೊಟ್ಟಾನ. ಅಂದ್ರ ನಮ್ಮ ಮೊಮ್ಮಗ ಲಾರಿ ಮಾಲಕ ಆಗ್ತಾನ. ಇಂಥಾ ಸೊಸಿನ ಬಿಟ್ಟು ಇನ್ನೊಂದು ಲಗ್ನ ಮಾಡಾಕ ನನಗೇನು ತಲಿ ಕೆಟ್ಟದ? ಸಿಟ್ಟಿನ್ಯಾಗ ಒಂದು ಮಾತು ಅಂದಿದ್ದೆ, ಅಷ್ಟ. ಅಲ್ಲರೀ, ಇದು ಯಾವ ದೇವರು?"

ಮುದುಕಿ ನನ್ನನ್ನ ನೆಟ್ಟ ಕಣ್ಣಿನಿಂದ ನೋಡಾಕತ್ತಿದ್ದಳು. ಚೀಲದಾಗ ತೊಟ್ಟಿಲು, ಬಾಯಾಗ ಖರೇ ಮಾತು, ಎರಡೂ ಹೊರಗ ಬರಾಕ ತಯಾರಿದ್ವು. ಫೋನಿನ್ಯಾಗ ಅಳೋ ಆ ಹುಡುಗಿ ನೆನಪಾದಳು.

"ಭಾಳ ಹಳೇ ದೇವರ್ರೀ," ಅಂದೆ. "ಇಡೀ ದೇಶದ ಅಳತಿ ಇದರ ಲೆಕ್ಕದ ಮ್ಯಾಲ ನಡದದ."

ಬೀಗತಿ ಕಲ್ಲಿಗೆ ಉದ್ದಕ ಅಡ್ಡಬಿದ್ದಳು. ಲಾರಿ ಸೆರಗಿನ್ಯಾಗ ಕಟ್ಟಿಕೊಂಡು, ಕುಂಡಿ ಊರಿ ಊರಿ ಇಳಿಯಾಕ ಸುರು ಮಾಡಿದಳು.

ಆಕಿ ದೂರ ಹೋದ ಮ್ಯಾಲ ನನಗ ತಡಿಯಾಕ ಆಗಲಿಲ್ಲ. ತೊಟ್ಟಿಲು ತೆಗದು ಮುದುಕಿ ಮುಂದಿಟ್ಟೆ. "ಯವ್ವಾ, ತಪ್ಪಾತು. ಇದು ದೇವರಲ್ಲ, ಸರ್ವೇ ಕಲ್ಲು. ಡಬ್ಬಿ ನಂದು. ಲಾರಿ ಇಟ್ಟಾತ ಹೈದರಾಬಾದಿನವ" ಅಂತ ಎಲ್ಲಾ ಹೇಳಿಬಿಟ್ಟೆ.

ಮುದುಕಿ ತೊಟ್ಟಿಲು ಸೊಂಟಕ್ಕ ಸಿಗಿಸಿಕೊಂಡಳು.

"ಸರ್ವೇ ಕಲ್ಲು ಅಂತ ನನಗ ಗೊತ್ತಿಲ್ಲೇನು ಯಪ್ಪಾ? ನಮ್ಮಪ್ಪ ಸರ್ವೇದವರಿಗೆ ನೀರು ಹೊತ್ತು ಇದ ಗುಡ್ಡ ಹತ್ಯಾನ. ಕಲ್ಲು ಎಲ್ಲ್ಯರ ಕೂಸು ಕೊಡ್ತದ? ಗಂಡ-ಹೆಂಡತಿ ಇಬ್ಬರನ್ನೂ ರಾಯಚೂರು ದವಾಖಾನಿಗೆ ತೋರಿಸಬೇಕು. ಮಗನ್ನೂ ತೋರಿಸು ಅಂದ್ರ ಈ ಬೀಗತಿ ಮೈಮ್ಯಾಲ ಬರ್ತಿದ್ಳು. ದೇವರ ಮಾತಾದ್ರ ಕೇಳ್ತಾಳ ಅಂತ ಕಲ್ಲಿಗೆ ವಿಭೂತಿ ಹಚ್ಚಿ ತೊಟ್ಟಿಲು ಇಟ್ಟೆ. ಈಗ ದೇವರಾಜ್ಞೆ ಅದ ಅಂದೆ, ಸೋಮವಾರ ಇಬ್ಬರನ್ನೂ ಕಳಿಸ್ತಾಳ."

ಮುದುಕಿ ಮೊಣಕಾಲಿಗೆ ಕೈ ಊರಿ ಎದ್ದಳು.

"ಆ ಹೈದರಾಬಾದಿನವಗ ಹೇಳು, ಮುಂದಿನ ಸಲ ಬರುವಾಗ ಒಂದು ಟ್ರ್ಯಾಕ್ಟರ್ ತಂದಿಡು ಅಂತ. ಡಾಕ್ಟರು ಔಷಧ ವರ್ಷಗಟ್ಟಲೆ ತಗೋರಿ ಅಂದ್ರ, ನಮ್ಮ ಬೀಗತಿ ಬಾಯಿ ಲಾರಿ ಒಂದಕ್ಕ ಅಷ್ಟು ದಿನ ಮುಚ್ಚಂಗಿಲ್ಲ."